ಗ್ರಾಂಗೆ ಆರು ಪೈಸೆ, ಹಾಗಾದರೆ ಕಿಲೋಗೆಷ್ಟು?

ಪುಣೆಯ ತರಕಾರಿ ಗಾಡಿಯವನು ‘ಪಾವ್ ಕಿಲೋ’ ಎನ್ನುತ್ತಾನೆ. ಹೈದರಾಬಾದಿನಲ್ಲಿ ಅದು ‘ಪಾವು ಕಿಲೋ’, ಚೆನ್ನೈನಲ್ಲಿ ‘ಕಾಲ್ ಕಿಲೋ’, ದೆಹಲಿಯಲ್ಲಿ ಬರೀ ‘ಪಾವ್’. ಹೊರಗಿನ ಊರಿನಲ್ಲಿ ಸಂಸಾರ ಹೂಡಿದ ಕನ್ನಡಿಗರು ಮೊದಲ ವಾರದಲ್ಲೇ ಕಲಿಯುವ ಮಾತುಗಳಿವು. ಹಳೆ ಮೈಸೂರು ಕಡೆಯವರಿಗೆ ಪಾವು ಎಂದರೆ ಅಕ್ಕಿ ಅಳೆಯುವ ಪುಟ್ಟ ಪಾತ್ರೆ, ಸೇರಿನಲ್ಲಿ ಕಾಲುಭಾಗ. ಮರಾಠಿ, ಹಿಂದಿಗಳ ಪಾವ್ ಕಿಲೋದ ಕಾಲುಭಾಗ, ಅಂದರೆ 250 ಗ್ರಾಂ. ಆ ಪಾವ್ ಬಂದದ್ದು ಸಂಸ್ಕೃತದ ‘ಪಾದ’ದಿಂದ, ಪಾದ ಎಂದರೆ ಅಡಿಯೂ ಹೌದು, ನಾಲ್ಕನೆಯ ಒಂದು ಪಾಲೂ ಹೌದು. ನಮ್ಮ ‘ಕಾಲು’ ಎಂಬ ಪದಕ್ಕೂ ಈ ಎರಡೂ ಅರ್ಥಗಳಿವೆ.

ಭಾಷಾವಿಜ್ಞಾನ ಓದಿದವಳಾಗಿ ನನಗೆ ಇದರಲ್ಲಿ ಕಾಣುವುದು ಇಷ್ಟು: ಜನ ಲೆಕ್ಕ ಮಾಡುವುದು ತಮ್ಮ ಮಾತಿನಲ್ಲಿ. ಸೇರು, ಚಟಾಕುಗಳ ಕಾಲದಲ್ಲಿ ಸೇರಿಗೆ 16 ಚಟಾಕು, ರೂಪಾಯಿಗೆ 16 ಆಣೆ. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಶಾಲೆಯ ಮೆಟ್ಟಿಲು ಹತ್ತದವರೂ ಈ ಲೆಕ್ಕವನ್ನು ಬಾಯಲ್ಲೇ ಮುಗಿಸಬಹುದಿತ್ತು. 1956ರ ಕಾಯ್ದೆಯ ಮೂಲಕ ಮೆಟ್ರಿಕ್ ತೂಕಗಳು ಬಂದವು, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಹೊಸ ಪದ್ಧತಿ ಕೊಟ್ಟ ಭರವಸೆಯೂ ಸುಲಭ ಲೆಕ್ಕದ್ದೇ. ಕಿಲೋಗೆ 64 ರೂಪಾಯಿ ಎಂದರೆ ನೂರು ಗ್ರಾಂಗೆ 6 ರೂಪಾಯಿ 40 ಪೈಸೆ; ಚುಕ್ಕೆಯನ್ನು ಒಂದು ಮನೆ ಸರಿಸಿದರೆ ಆಯಿತು. ಕಾಲು, ಅರ್ಧ, ಮುಕ್ಕಾಲುಗಳು ಕಿಲೋದ ಜೊತೆಯೂ ಹೊಂದಿಕೊಂಡವು. ಗಾಡಿಯವನು ಕಾಲು ಕಿಲೋಗೆ 20 ಎಂದಾಗ ಅಗ್ಗವೆನಿಸಿದರೂ ನಾಲ್ಕರಿಂದ ಗುಣಿಸಿದ ಕೂಡಲೇ 80 ಎಂದು ತಿಳಿಯುತ್ತದೆ.

ಈ ಲೆಕ್ಕ ಕೈಕೊಡುವುದು ಪೊಟ್ಟಣದ ಮುಂದೆ. ಬಿಸ್ಕತ್ತು, ಚಹಾ, ಕಾಫಿ, ಅಡುಗೆ ಎಣ್ಣೆ, ಬೇಳೆ, ಹಿಟ್ಟು, ಉಪ್ಪು ಮೊದಲಾದ ಸರಕುಗಳನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂಬ ನಿಯಮ ಮೊದಲು ಇತ್ತು. 2021ರ ನವೆಂಬರಿನಲ್ಲಿ ಹೊರಟ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ತಯಾರಕರು ಬೇಕಾದ ತೂಕ ತುಂಬಬಹುದು. ಹತ್ತು ರೂಪಾಯಿಯ ಪೊಟ್ಟಣ ಹತ್ತೇ ರೂಪಾಯಿಯಲ್ಲಿ ನಿಂತಿರುತ್ತದೆ, ಒಳಗಿನ ಗ್ರಾಂ ಮಾತ್ರ ಇಳಿಯಬಹುದು. 500 ಗ್ರಾಂನ ಪಕ್ಕದಲ್ಲಿ 425 ಗ್ರಾಂ ಇಟ್ಟರೆ ಯಾವುದು ಅಗ್ಗ ಎಂದು ಬಾಯಿಲೆಕ್ಕದಲ್ಲಿ ಹೇಳುವವರು ಎಷ್ಟು ಜನ?

ಇದಕ್ಕೆ ಪರಿಹಾರವೂ ಅದೇ ತಿದ್ದುಪಡಿಯಲ್ಲಿದೆ: ಪೊಟ್ಟಣದ ಮೇಲೆ ಒಂದು ಅಳತೆಗೆ ಬೀಳುವ ಬೆಲೆಯನ್ನು ಮುದ್ರಿಸಬೇಕು. ಉದ್ದೇಶ ಒಳ್ಳೆಯದೇ. ನನ್ನ ತಕರಾರು ಅದರ ಭಾಷೆಯ ಬಗ್ಗೆ. ಕಿಲೋಗಿಂತ ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿ, ಕಡಿಮೆಯಿದ್ದರೆ ಗ್ರಾಂ ಲೆಕ್ಕದಲ್ಲಿ ಬರೆಯಬೇಕು; ರೂಪಾಯಿಯನ್ನು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಬೇಕು. ಗ್ರಾಂ ಲೆಕ್ಕದಲ್ಲಿ ಬೇಳೆ ಕೊಳ್ಳುವವರನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕಿಂತ ದೊಡ್ಡ ತೊಡಕು ಆ ಎರಡು ಸ್ಥಾನಗಳದ್ದು. ಅರ್ಧ ಕಿಲೋ ಅವಲಕ್ಕಿಗೆ ಒಂದು ಕಂಪನಿ 32 ರೂಪಾಯಿ, ಇನ್ನೊಂದು 28 ರೂಪಾಯಿ ಹಾಕಿದೆ ಎನ್ನಿ. ಗ್ರಾಂಗೆ ಮೊದಲನೆಯದು 0.064, ಎರಡನೆಯದು 0.056. ಎರಡು ಸ್ಥಾನಕ್ಕೆ ತಂದರೆ ಎರಡೂ 0.06! ಕಿಲೋಗೆ 64 ಮತ್ತು 56ರ ನಡುವಿನ ಎಂಟು ರೂಪಾಯಿ ವ್ಯತ್ಯಾಸ ನಿಯಮ ಪಾಲಿಸಿದ ಪೊಟ್ಟಣದ ಮೇಲೆಯೇ ಮಾಯವಾಗುತ್ತದೆ. ಗ್ರಾಂಗೆ ಒಂದು ಪೈಸೆ ಎಂದರೆ ಕಿಲೋಗೆ ಹತ್ತು ರೂಪಾಯಿ. ಗೋಡಂಬಿಯಂಥ ದುಬಾರಿ ಸರಕಿನಲ್ಲಿ ಇದು ದೊಡ್ಡದಲ್ಲ. ಅವಲಕ್ಕಿ, ರವೆ, ಹಿಟ್ಟು ಕೊಳ್ಳುವಾಗ ದೊಡ್ಡದು. ತಿಂಗಳ ದುಡ್ಡು ಎಣಿಸಿ ಖರ್ಚು ಮಾಡುವ ಮನೆಗಳು ಕೊಳ್ಳುವುದು ಇವನ್ನೇ.

ಎಣ್ಣೆಯದು ಬೇರೆಯದೇ ಗೊಂದಲ. ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಒಂದರ ಮೇಲೆ ಲೀಟರಿನ ಬೆಲೆ, ಇನ್ನೊಂದರ ಮೇಲೆ ಕಿಲೋದ ಬೆಲೆ ಇದ್ದರೆ ಅವೆರಡನ್ನು ನೇರವಾಗಿ ಹೋಲಿಸಲಾಗದು.

ಲಿಪಿಯ ಮಾತೂ ಇದೆ. ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಬೇರೆ ಭಾಷೆಗಳನ್ನು ಜೊತೆಗೆ ಹಾಕಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಇದು ಕನ್ನಡಕ್ಕಷ್ಟೇ ಆದ ಅನ್ಯಾಯವಲ್ಲ. ಚೆನ್ನೈನ ತಮಿಳು ಗೃಹಿಣಿಗೂ ಹೈದರಾಬಾದಿನ ತೆಲುಗು ಕೂಲಿಕಾರನಿಗೂ ಇದೇ ಪಾಡು.

ಕೈಯಲ್ಲಿ ಫೋನಿದೆಯಲ್ಲ, ಭಾಗಿಸಿ ನೋಡಿ ಎನ್ನುವವರಿದ್ದಾರೆ. ಹಿಂದೆ ಸರತಿ ನಿಂತಿರುವಾಗ, ಮಗು ಕೈ ಎಳೆಯುವಾಗ ಇಪ್ಪತ್ತು ಸಾಮಾನುಗಳಿಗೆ ಹೀಗೆ ಭಾಗಿಸಲು ಯಾರಿಂದಲೂ ಆಗದು. ಸಣ್ಣ ಪೊಟ್ಟಣ ಬಡವರಿಗೆ ಅನುಕೂಲ ಎನ್ನುವವರೂ ಇದ್ದಾರೆ. ಒಪ್ಪೋಣ, ದಿನಗೂಲಿಯವರಿಗೆ ಐದು ರೂಪಾಯಿಯ ಚಹಾಪುಡಿ ಬೇಕೇ ಬೇಕು. ಆದರೆ ಆ ಐದು ರೂಪಾಯಿಯಲ್ಲಿ ತಾವು ಕಿಲೋಗೆ ಎಷ್ಟು ತೆರುತ್ತಿದ್ದೇವೆಂದು ಮೊದಲು ತಿಳಿಯಬೇಕಾದವರೂ ಅವರೇ.

ಹಾಗಾಗಿ ನನ್ನ ಬೇಡಿಕೆ ಸರಳ. ಪೊಟ್ಟಣ ಎಷ್ಟೇ ಚಿಕ್ಕದಿರಲಿ, ಕಿಲೋ ಅಥವಾ ಲೀಟರಿನ ಬೆಲೆ ಬರೆಯಲಿ. ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ, ಅದರಷ್ಟೇ ದಪ್ಪ ಅಕ್ಷರದಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 1998ರ ನಿರ್ದೇಶನದ ಪ್ರಕಾರ ಅಂಗಡಿಗಳು ಸಾಮಾನ್ಯವಾಗಿ ಕಿಲೋ ಅಥವಾ ಲೀಟರಿನ ಬೆಲೆಯನ್ನೂ ತೋರಿಸಬೇಕು. ಅಲ್ಲಿ ಆಗುವುದು ಇಲ್ಲಿ ಆಗದಿರಲು ಕಾರಣವಿಲ್ಲ. ಮಾರಾಟವಾಗುವ ರಾಜ್ಯದ ಭಾಷೆಯೂ ಲೇಬಲ್ ಮೇಲೆ ಬರಲಿ.

ಅಲ್ಲಿಯವರೆಗೆ ಗ್ರಾಂ ಬೆಲೆಯನ್ನು ನಂಬಬೇಡಿ. 100 ಗ್ರಾಂ ಪೊಟ್ಟಣದ ಬೆಲೆಯನ್ನು ಹತ್ತರಿಂದ, 200 ಗ್ರಾಂನದನ್ನು ಐದರಿಂದ, 250ರದನ್ನು ನಾಲ್ಕರಿಂದ ಗುಣಿಸಿ. 400 ಗ್ರಾಂ ಆದರೆ ಬೆಲೆಯನ್ನು ಇಮ್ಮಡಿ ಮಾಡಿ, ಅದಕ್ಕೆ ಮೂಲ ಬೆಲೆಯ ಅರ್ಧ ಸೇರಿಸಿ. ಗಾಡಿಯವನ ಮುಂದೆ ಸಂಕೋಚವಿಲ್ಲದೆ ಕೇಳುವ ‘ಕಿಲೋಗೆಷ್ಟು?’ ಎಂಬ ಪ್ರಶ್ನೆಯನ್ನು ಹವಾನಿಯಂತ್ರಿತ ಅಂಗಡಿಯಲ್ಲೂ ಕೇಳಿ.