ಕೊಟ್ಟಿಗೆಗೆ ಮೊದಲು ಒಂದು ಸ್ಟೂಲ್ ಬರಲಿ

ಹಸು ಬೆಳಿಗ್ಗೆ ಕಾಲೆಳೆದರೆ ಸಂಜೆಯೊಳಗೆ ನನಗೆ ಫೋನ್ ಬರುತ್ತದೆ. ಅದೇ ಹಸುವಿನ ಹಾಲು ಕರೆಯುವ ಹೆಣ್ಣುಮಗಳು ಎರಡು ವರ್ಷದಿಂದ ಕುಂಟುತ್ತಿದ್ದರೂ ಆಸ್ಪತ್ರೆಯ ಮಾತೇ ಎದ್ದಿರುವುದಿಲ್ಲ. ಕೇಳಿದರೆ, "ವಯಸ್ಸಾಯ್ತಲ್ಲ ಡಾಕ್ಟ್ರೇ, ಸೊಂಟ ನೋವು" ಎನ್ನುತ್ತಾರೆ. ಆಮೇಲೆ ಒಂದು ದಿನ ಹಸು ಮಾರಿದ ಸುದ್ದಿ. ಹಸುವಿನ ಜೊತೆ ಆಕೆಯ ಕೈಗೆ ಬರುತ್ತಿದ್ದ ಬಟವಾಡೆ ಹಣವೂ ಹೋಯಿತು.

ಸೊಂಟ ನೋವು ಎಂಬ ಮಾತೇ ದಾರಿ ತಪ್ಪಿಸುತ್ತದೆ. ಬೆನ್ನಿನ ಕೆಳಗೆ ನೊಂದರೂ ಸೊಂಟ ಎನ್ನುತ್ತೇವೆ, ತೊಡೆಮೂಳೆ ಕೂಡುವ ಕೀಲು ಸವೆದರೂ ಸೊಂಟ ಎನ್ನುತ್ತೇವೆ. ಕೀಲು ಸವೆದಾಗ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ, ಕೆಲವರಿಗೆ ಮೊಣಕಾಲಿನಲ್ಲೂ ಕಾಣಿಸುತ್ತದೆ. ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ, ಬಗ್ಗಿ ಕಾಲುಂಗುರ ಮುಟ್ಟುವುದು ಕಷ್ಟ. ಡಾಕ್ಟರಿಗೆ ಬರೀ ಸೊಂಟ ಎನ್ನದೆ ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸಿ.

"ಮಲಗಿಕೋ, ಓಡಾಡಬೇಡ" ಎಂಬ ಸಲಹೆ ಎಲ್ಲ ಮನೆಯಲ್ಲೂ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಮಲಗಿದಷ್ಟೂ ಕೀಲಿನ ಸುತ್ತಲಿನ ಮಾಂಸಖಂಡ ಸೊರಗಿ, ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ಈ ಕಾಯಿಲೆಗೆ ಮೊದಲ ಚಿಕಿತ್ಸೆಯೇ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು. ಅಂಗಾತ ಮಲಗಿ ಮೊಣಕಾಲು ಮಡಚಿ ನಿತಂಬ ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಕುರ್ಚಿಯಿಂದ ಕೈಯೂರದೆ ಏಳುವುದು: ಇಂಥವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತರೆ ಮನೆಯಲ್ಲೇ ಮಾಡಬಹುದು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನವೂ ಇಳಿಯದಿದ್ದರೆ ಕಡಿಮೆ ಮಾಡಿ. ಗುಣ ಕಾಣಲು ವಾರಗಳೇ ಬೇಕು. ಮೂರು ದಿನಕ್ಕೆ ಬಿಟ್ಟವರೇ ಜಾಸ್ತಿ!

ಇನ್ನು ಕೊಟ್ಟಿಗೆ. ಕುಕ್ಕರುಗಾಲಲ್ಲಿ ಕುಳಿತು, ಬಕೆಟ್ ಮೊಣಕಾಲ ನಡುವೆ ಸಿಕ್ಕಿಸಿಕೊಂಡು ದಿನಕ್ಕೆರಡು ಬಾರಿ ಕರೆಯುವುದು ಸವೆದ ಕೀಲಿಗೆ ಬಲು ಕಷ್ಟದ ಭಂಗಿ. ಕೆಚ್ಚಲು ಕೈಗೆಟುಕುವಷ್ಟು ಎತ್ತರದ ಗಟ್ಟಿ ಸ್ಟೂಲ್ ಮಾಡಿಸಿ. ಸಗಣಿಗೆ ಉದ್ದ ಹಿಡಿಯ ಸಲಿಕೆ ಇಟ್ಟುಕೊಳ್ಳಿ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು, ಹಾಲಿನ ಕ್ಯಾನನ್ನು ನೋವಿರುವ ಕಡೆಯ ಕೈಯಲ್ಲಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ, ಕೀಲಿನ ಮೇಲೆ ಭಾರ ಇನ್ನೂ ಏರುತ್ತದೆ. ಮನೆಯಲ್ಲಿ ಕಮೋಡ್ ಹಾಕಿಸುವುದನ್ನು ದೊಡ್ಡಸ್ತಿಕೆ ಎಂದುಕೊಳ್ಳಬೇಡಿ.

ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡೂ ಕೆಡಬಹುದು. ಹಸುವಿಗೆ ಹಾಕುವ ಇಂಜೆಕ್ಷನ್ ಅನ್ನು ದಯವಿಟ್ಟು ನನ್ನ ಹತ್ತಿರ ಕೇಳಬೇಡಿ.

ವ್ಯಾಯಾಮ, ಔಷಧ ಎರಡಕ್ಕೂ ಬಗ್ಗದೆ ರಾತ್ರಿ ನಿದ್ದೆಯೇ ಇಲ್ಲವೆಂದಾದರೆ ಕೀಲು ಬದಲಿ ಶಸ್ತ್ರಚಿಕಿತ್ಸೆಯಿದೆ. ಹೆಚ್ಚಿನವರನ್ನು ಒಂದೆರಡು ದಿನದಲ್ಲೇ ಎಬ್ಬಿಸಿ ನಡೆಸುತ್ತಾರೆ, ಆಮೇಲೂ ವ್ಯಾಯಾಮ ತಪ್ಪುವುದಿಲ್ಲ. ಸಹಕಾರಿಗಳಿಗಾಗಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಈಗ ಮತ್ತೆ ಬಂದಿರುವ ಯಶಸ್ವಿನಿ ಯೋಜನೆಗೆ ಹೆಸರು ನೋಂದಾಯಿಸಿದ್ದೀರಾ? ಅದರಲ್ಲಿ, ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಚಿಕಿತ್ಸೆಗೆ ಏನು ಸಿಗುತ್ತದೆಂದು ಖರ್ಚು ಮಾಡುವ ಮೊದಲೇ ವಿಚಾರಿಸಿ.

ಒಕ್ಕೂಟಕ್ಕೂ ನನ್ನದೊಂದು ಮಾತಿದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಹಂಚುವಾಗ ಹಸುಗಳ ಸಂಖ್ಯೆಯನ್ನಷ್ಟೇ ನೋಡಬಾರದು. ಎರಡೇ ಹಸುವಿದ್ದರೂ ಕೀಲು ಸವೆದ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಮೇಲಿರಲಿ. ಬರಡು ರಾಸು ಶಿಬಿರಕ್ಕೆ ಹಗ್ಗ ಹಿಡಿದು ಬರುವವರು ನೀವೇ ತಾನೆ. ಮುಂದಿನ ಶಿಬಿರದಲ್ಲಿ ನಮ್ಮ ಟೇಬಲ್ ಪಕ್ಕ ಫಿಸಿಯೋಥೆರಪಿಸ್ಟ್ ಒಬ್ಬರಿಗೂ ಟೇಬಲ್ ಹಾಕಿಸೋಣ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆ ಬರೆಸಿ ಕಳಿಸಿ.