ಕೌದಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ

ನಾಗಪುರದ ಸದರ್‌ನಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ನಾವು. ಕಳೆದ ದಸರೆಯಿಂದ ಒಂದು ಕೆಲಸ ಹಿಡಿದಿದ್ದೇವೆ. ಹಳೆಯ ಹತ್ತಿ ಸೀರೆಗಳನ್ನೂ ಪಂಚೆಗಳನ್ನೂ ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಕೌದಿಯ ಹೊಲಿಗೆಯಲ್ಲಿ ಊಟದ ಮೇಜಿಗೆ ಹಾಸುಗಳನ್ನು ಹೊಲಿಯುತ್ತಿದ್ದೇವೆ. ಅಂಗಡಿಯವರು ಟೇಬಲ್ ಮ್ಯಾಟ್ ಎಂದು ಕರೆಯುವ ವಸ್ತುವೇ ಅದು. ತಟ್ಟೆಯ ಕೆಳಗೆ ಹಾಸುವ, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬೇಕಾಗುವ ಬಟ್ಟೆ. ಇಷ್ಟು ಸಣ್ಣ ಕೆಲಸ ಇಷ್ಟು ದೊಡ್ಡ ವಿರೋಧವನ್ನು ಎಬ್ಬಿಸೀತೆಂದು ನಾವು ಎಣಿಸಿರಲಿಲ್ಲ.

ನಮ್ಮವರಿಂದಲೇ ಬಂದ ಆಕ್ಷೇಪಗಳು ಮೂರು. ಮೊದಲನೆಯದು ಪರಂಪರೆಯ ಹೆಸರಿನದು: ಕೌದಿ ಹೊದೆಯುವ ವಸ್ತು, ತೊಟ್ಟಿಲ ಕೂಸಿಗೆ ಹಾಸುವ ವಸ್ತು, ಅದನ್ನು ಅಂಗೈಯಗಲಕ್ಕೆ ಇಳಿಸಿ ತಟ್ಟೆಯಡಿಗೆ ತಳ್ಳುವುದು ಅವಮಾನ, ಮೇಲಾಗಿ ಊಟದ ಮೇಜೇ ನಮ್ಮದಲ್ಲ. ಎರಡನೆಯದು ಮಡಿಯ ಹೆಸರಿನದು: ಉಟ್ಟುಬಿಟ್ಟ ಸೀರೆಯ ಮೇಲೆ ಅನ್ನದ ತಟ್ಟೆ ಇಡಬಹುದೇ? ಮೂರನೆಯದು ಲೆಕ್ಕದ ಹೆಸರಿನದು: ಪೇಟೆಯಲ್ಲಿ ಅಗ್ಗಕ್ಕೆ ಪ್ಲಾಸ್ಟಿಕ್ ಹಾಸು ಸಿಗುವಾಗ ಕಣ್ಣು ನೋಯಿಸಿಕೊಂಡು ಕೂರುವ ಈ ಸದರದ ಕೆಲಸ ಯಾರಿಗೆ ಬೇಕು?

ಉತ್ತರ ಕೊಡುವ ಮೊದಲು ಈ ಕೆಲಸ ಹೇಗೆ ಆರಂಭವಾಯಿತೆಂದು ಹೇಳಬೇಕು. ಕಳೆದ ದಸರೆಗೆ ಮನೆ ಚೊಕ್ಕಟ ಮಾಡುವಾಗ ನಮ್ಮಲ್ಲೊಬ್ಬರ ಮನೆಯ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಕೌದಿ ಹೊರಬಂತು. ಬಾಗಲಕೋಟೆಯ ಕಡೆಯ ಹಳ್ಳಿಯಿಂದ, ಮಗಳ ಮೊದಲ ಹೆರಿಗೆಗೆಂದು, ಮೂವತ್ತು ವರ್ಷಗಳ ಹಿಂದೆ ಬಂದದ್ದು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ಅದನ್ನು ಹೊದ್ದವರಿಲ್ಲ. ಚಳಿಗಾಲದ ಕೆಲವೇ ವಾರಗಳಿಗೆ ಅಂಗಡಿಯ ರಜಾಯಿ ಸಾಕಾಗಿತ್ತು. ಹಾಳಾಗಬಾರದೆಂದು ನುಸಿಗುಳಿಗೆ ಹಾಕಿ ಮುಚ್ಚಿಟ್ಟಿದ್ದರು. ಬಿಡಿಸಿ ನೋಡಿದರೆ ನಡುಭಾಗವನ್ನು ಹುಳು ತಿಂದಿತ್ತು. ಮನೆಯವರೆಲ್ಲ ಸುತ್ತಲೂ ನಿಂತು ಮರುಗಿದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ಮರುಗಲಿಲ್ಲ. “ಹರದದ್ದು ಹೊಲಿಯಾಕ ಒಬ್ಬರಿಗೂ ಬರೂದಿಲ್ಲ. ಬರೇ ಇಟ್ಕೊಂಡು ಅಳತೀರಿ. ಹೊಸಾದು ಹೊಲೀರಿ” ಎಂದರು.

ಆ ಕೋಣೆಯಲ್ಲಿ ಪದವೀಧರರು ಹನ್ನೊಂದು ಮಂದಿ ಇದ್ದೆವು. ಕೌದಿಯ ಒಂದು ಮೂಲೆ ಮಡಿಸಲು ಬರುತ್ತಿದ್ದವರು ಯಾರೂ ಇರಲಿಲ್ಲ. ನಮ್ಮ ವಾದವೆಲ್ಲ ಹುಟ್ಟಿದ್ದು ಆ ನಾಚಿಕೆಯಿಂದ. ಕೌದಿಯನ್ನು ಕೊಲ್ಲುತ್ತಿರುವುದು ಅದನ್ನು ಗೌರವಿಸುತ್ತೇವೆಂದು ಮುಚ್ಚಿಟ್ಟ ನಾವೇ. ಕೌದಿ ಎಂಬುದು ಮೊದಲು ಒಂದು ಕೈಕೆಲಸ, ಆಮೇಲೆ ಒಂದು ವಸ್ತು. ಕೈ ಮರೆತ ಮೇಲೆ ಉಳಿಯುವ ವಸ್ತುವಿಗೆ ಹುಳುವೇ ವಾರಸುದಾರ.

ಈಗ ಪರಂಪರೆಯ ಪ್ರಶ್ನೆ. ಕೌದಿಯ ಪರಂಪರೆಯಾದರೂ ಏನು? ಹರಿದದ್ದನ್ನು ಎಸೆಯದೆ, ಇದ್ದುದರಲ್ಲಿ ಬೇಕಾದದ್ದನ್ನು ಮಾಡಿಕೊಳ್ಳುವುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲದ ಕೆಲಸ ತೆರಪಾದ ಬೇಸಿಗೆಯಲ್ಲಿ ಹೆಂಗಸರು ಜಗುಲಿಯ ಮೇಲೆ ಕೂತು ಕೌದಿ ಹೊಲಿದದ್ದು ಪ್ರದರ್ಶನಕ್ಕಲ್ಲ. ಅಲ್ಲಿ ಹೊದಿಕೆ ಬೇಕಾಗಿತ್ತು, ಹೊದಿಕೆ ಹೊಲಿದರು. ಅದೇ ಬಟ್ಟೆ, ಅದೇ ದಾರದಲ್ಲಿ ಚೀಲಗಳನ್ನೂ ಕೂಸಿನ ಹಾಸಿಗೆಯನ್ನೂ ಹೊಲಿದರು. ಅವರಲ್ಲಿ ಯಾರೂ ಕೌದಿಗೆ ಒಂದೇ ಅಳತೆ ಇರಬೇಕೆಂದು ಕಟ್ಟು ಹಾಕಿರಲಿಲ್ಲ. ಇಂದು ಸದರ್‌ನ ಎರಡು ಕೋಣೆಯ ಮನೆಯಲ್ಲಿ ನಮಗೆ ದಿನವೂ ಬೇಕಾಗಿರುವುದು ತಟ್ಟೆಯಡಿಯ ಹಾಸು. ಆರು ಮೊಳದ ಕೌದಿ ಹರಡಿ ಹೊಲಿಯುವಷ್ಟು ನೆಲವೂ ಇಲ್ಲ, ಹೊದೆಯುವಷ್ಟು ಚಳಿಯೂ ಇಲ್ಲ. ಆದರೆ 18 ಅಂಗುಲ ಉದ್ದ, 13 ಅಂಗುಲ ಅಗಲದ ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಯಾರಾದರೂ ಹೊಲಿಯಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ: ತಪ್ಪಿದರೆ ಬಿಚ್ಚಬಹುದು, ಮುಗಿಸಿದರೆ ಅಂದೇ ಬಳಸಬಹುದು.

ಊಟದ ಮೇಜು ನಮ್ಮದಲ್ಲವೆಂಬ ಮಾತೂ ನಿಜವೇ. ಅಡುಗೆಮನೆಯ ಗ್ಯಾಸ್ ಒಲೆಯೂ ನಮ್ಮ ಅಜ್ಜಿಯರದಲ್ಲ. ಅದರ ಮೇಲೆ ಜೋಳದ ರೊಟ್ಟಿ ಬೇಯಿಸುವುದನ್ನು ನಾವು ಬಿಟ್ಟಿಲ್ಲ. ಮಂಡಿನೋವಿನ ಹಿರಿಯರಿರುವ ಮನೆಗೆ ಮೇಜು ಬಂದಾಗಿದೆ, ಇನ್ನು ಅದು ಹೋಗುವುದಿಲ್ಲ. ಆ ಮೇಜಿನ ಮೇಲೆ ನಮ್ಮದೇನಾದರೂ ಇರಬೇಕೋ ಬೇಡವೋ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಎರಡನೆಯದು ಮಡಿಯ ಪ್ರಶ್ನೆ. ಇದನ್ನು ಕೇಳಿದವರಿಗೆ ನಾವು ತಿರುಗಿ ಒಂದು ಪ್ರಶ್ನೆ ಹಾಕುತ್ತೇವೆ: ನಿಮ್ಮ ತಾಯಿ ರೊಟ್ಟಿಯ ಬುಟ್ಟಿಯಲ್ಲಿ ಹಾಸುತ್ತಿದ್ದ ಬಟ್ಟೆ ಯಾವುದು? ತೊಳೆದು ತೊಳೆದು ಮೆತ್ತಗಾದ ಹಳೆಯ ಪಂಚೆಯ ತುಂಡೇ ಅಲ್ಲವೇ? ಹುಟ್ಟಿದ ಕೂಸನ್ನು ಮೊದಲು ಸುತ್ತಿದ್ದು ಅಜ್ಜಿಯ ಹಳೆಯ ಸೀರೆಯಲ್ಲೇ ಅಲ್ಲವೇ? ಅನ್ನಕ್ಕೂ ಕೂಸಿಗೂ ಆಗುವ ಬಟ್ಟೆ ತಟ್ಟೆಯಡಿಗೆ ಮೈಲಿಗೆಯಾಗುವುದು ಹೇಗೆ? ಬಟ್ಟೆಯ ಹಾಸನ್ನು ಬಿಸಿನೀರಿನಲ್ಲಿ ಒಗೆದು ನಾಗಪುರದ ಬಿಸಿಲಿಗೆ ಹಾಕಿದರೆ ಗಂಟೆಯೊಳಗೆ ಒಣಗುತ್ತದೆ. ಪ್ಲಾಸ್ಟಿಕ್ ಹಾಸನ್ನಾದರೋ ಮೇಜೊರೆಸಿದ ಅದೇ ಒದ್ದೆ ಅರಿವೆಯಿಂದ ಒರೆಸಿ ಮತ್ತೆ ಹಾಕುತ್ತೇವೆ. ಮುಸುರೆ ಯಾವುದರಲ್ಲಿ ಉಳಿಯುತ್ತದೆಂದು ಮಡಿಯವರೇ ಹೇಳಲಿ.

ನಮ್ಮ ಅಜ್ಜಿ ಇನ್ನೊಂದು ಸಂಗತಿ ಹೇಳಿದರು. ಅವರ ತವರಿನಲ್ಲಿ ಕೌದಿಯ ಕಡೆಯ ಅಂಚು ಮುಚ್ಚುವ ಮುನ್ನ ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದರಂತೆ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ತಾನು ಹೊಲಿದ ಬಟ್ಟೆಗೆ ಮೊದಲ ತುತ್ತು ಕೊಟ್ಟ ಆ ಹೆಂಗಸರಿಗೆ ಅನ್ನ ಬೇರೆ, ಕೌದಿ ಬೇರೆ ಎಂದು ಕಂಡಿರಲಿಲ್ಲ.

ಮೂರನೆಯದು ಲೆಕ್ಕ. ಲೆಕ್ಕ ಕೇಳಿದವರಿಗೆ ಲೆಕ್ಕವನ್ನೇ ಒಪ್ಪಿಸುತ್ತೇವೆ. 13 ಅಂಗುಲ ಅಗಲದ ಹಾಸಿಗೆ ಅರ್ಧ ಅಂಗುಲಕ್ಕೊಂದರಂತೆ 25 ಸಾಲು ಹೊಲಿಗೆ. ಒಂದು ಸಾಲು 18 ಅಂಗುಲ. ಒಟ್ಟು 450 ಅಂಗುಲ. ಅಂಗುಲಕ್ಕೆ 4 ಹೊಲಿಗೆ ಎಂದರೆ 1,800 ಹೊಲಿಗೆ. ನಿಮಿಷಕ್ಕೆ 10 ಹೊಲಿಗೆ ಹಾಕುವ ಕೈಗೆ ಬರೀ ಸಾಲುಗಳಿಗೇ 3 ಗಂಟೆ ಬೇಕು. ಕತ್ತರಿಸುವುದು, ತೇಪೆ ಜೋಡಿಸುವುದು, ಅಂಚು ಮಡಿಸುವುದು ಬೇರೆ. ಆರು ಹಾಸಿಗೆ ಕನಿಷ್ಠ 18 ಗಂಟೆ. ಗಂಟೆಗೆ 60 ರೂಪಾಯಿ ಕೂಲಿ ಹಿಡಿದರೂ 1,080 ರೂಪಾಯಿ. ಪ್ಲಾಸ್ಟಿಕ್ಕಿನ ಜೊತೆ ಬೆಲೆಯಲ್ಲಿ ನಾವು ಗೆಲ್ಲಲಾರೆವು; ಅದನ್ನು ಒಪ್ಪಿಕೊಳ್ಳುತ್ತೇವೆ.

ಆದರೆ ಈ ಲೆಕ್ಕ ನಮಗೆ ಕಲಿಸಿದ್ದು ಬೇರೆ. ಕೆಲವು ವರ್ಷಗಳ ಹಿಂದೆ ಕರಕುಶಲ ವಸ್ತುಗಳ ಮಾರಾಟವೊಂದರಲ್ಲಿ ನಮ್ಮವರೇ ಒಬ್ಬರು ಕೌದಿಯ ಹಾಸುಗಳನ್ನು ಹೊಲಿದು ತಂದಿದ್ದ ಹೆಂಗಸಿನೊಡನೆ ಅರ್ಧ ಗಂಟೆ ಚೌಕಾಸಿ ಮಾಡಿ, ಆರನ್ನು 300 ರೂಪಾಯಿಗೆ ತಂದು, ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟಿದ್ದರು. ನಾವೂ ತಲೆದೂಗಿದ್ದೆವು. ಒಂದು ಹಾಸನ್ನು ಸ್ವತಃ ಹೊಲಿದು ಮುಗಿಸಿದ ಮೇಲೆ ಆ 300 ರೂಪಾಯಿ ನಮ್ಮನ್ನು ಚುಚ್ಚುತ್ತಿದೆ. ಗಂಟೆಗೆ 17 ರೂಪಾಯಿಯೂ ಬೀಳಲಿಲ್ಲ. ಅದರಲ್ಲೇ ಬಟ್ಟೆ, ದಾರ, ಬಸ್ಸಿನ ಚಾರ್ಜು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿದು ಕಾಳುಕಡಿ ಪಡೆದು ಬದುಕಿದ ಹೆಂಗಸರಿಗೂ ನಮ್ಮ ಹಿರಿಯರು ಇದಕ್ಕಿಂತ ಹೆಚ್ಚು ಕೊಟ್ಟಿರಲಾರರು. ಸದರವಾಗಿ ಕಂಡದ್ದು ಕೆಲಸವನ್ನು; ಸೊರಗಿದ್ದು ಮಾಡುವವರ ಹೊಟ್ಟೆ. ಸ್ವತಃ ಹೊಲಿಯಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ: ಹೊಲಿದ ಕೈ ಚೌಕಾಸಿ ಮಾಡುವುದಿಲ್ಲ.

ಇನ್ನು ನಾಗಪುರದವರಾದ ನಮಗೆ ಬಟ್ಟೆಯ ಬಗ್ಗೆ ಮರೆವು ಸಲ್ಲದು. ಇದು ಹತ್ತಿಯ ನಾಡು. ಜೆಮ್‌ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ 1877ರ ಜನವರಿ 1ರಂದು ಇಲ್ಲಿ ಆರಂಭವಾಯಿತು. ಇಂದು ಗಿರಣಿ ಇಲ್ಲ. ಆ ಜಾಗದಲ್ಲಿ ಮಾಲ್ ನಿಂತಿದೆ. ಹತ್ತಿ ಬೆಳೆದು, ನೂತು, ನೇಯ್ದ ಊರಿನ ಮೇಜುಗಳ ಮೇಲೆ ನೇಯ್ಗೆಯಂತೆ ಅಚ್ಚು ಹಾಕಿದ ಪ್ಲಾಸ್ಟಿಕ್ ಬಿದ್ದಿದೆ. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಗೋಧಡಿಯ ಗತಿಯೂ ಇದೇ. ನಮ್ಮ ಮೊದಲ ಹಾಸುಗಳನ್ನು ನೋಡಿದ ಪಕ್ಕದ ಮನೆಯ ಆಜಿ, ಸೂಜಿ ಕಸಿದುಕೊಂಡು ತಾವೇ ಎರಡು ಸಾಲು ಹಾಕಿ ತೋರಿಸಿದರು. ಹೆಸರು ಬೇರೆಯಾದರೂ ಕೈ ಒಂದೇ.

ಕೈಯ ಬುದ್ಧಿವಂತಿಕೆ ತಿಳಿಯಬೇಕಾದವರು ಉತ್ತರ ಕನ್ನಡದತ್ತ ನೋಡಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ ಹೂವು. ಅದಿಲ್ಲದ ಕವಂದಿ ಅವರ ಪಾಲಿಗೆ ಬೆತ್ತಲೆ. ಆಫ್ರಿಕಾದ ಮೂಲದಿಂದ ಬಂದು, ಕಾಡಂಚಿನಲ್ಲಿ ಬಡತನದಲ್ಲಿ ಬದುಕಿ, 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಜನ ಅವರು. ಅವರಿಗೆ ಉಳಿದ ಕೈ, ಎಲ್ಲ ಅನುಕೂಲವಿದ್ದ ನಮಗೆ ಉಳಿಯಲಿಲ್ಲ.

ದೂರದ ಉದಾಹರಣೆಯೂ ಒಂದಿದೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ದುಡಿದು ಸವೆದ ಬಟ್ಟೆಗಳಿಂದ ಕೌದಿಯಂಥದೇ ಹೊದಿಕೆಗಳನ್ನು ಹೊಲಿದರು, ಚಳಿಗೆ ಹೊದ್ದರು. ಆ ಸೀಮೆಯಲ್ಲಿ 1966ರಲ್ಲಿ ಹೊಲಿಗೆಯ ಸಹಕಾರಿ ಸಂಘವೊಂದು ಹುಟ್ಟಿ, ಹೊದಿಕೆಗಳ ಜೊತೆಗೆ ದಿಂಬಿನ ಕವರುಗಳನ್ನೂ ಹೊಲಿದು ಮಾರಿತು. ಗೀಸ್ ಬೆಂಡ್‌ನ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೇರಿದವು, 2006ರಲ್ಲಿ ಅಂಚೆಚೀಟಿಗಳಾದವು. ಗೋಡೆಗೇರುವ ಮೊದಲು ಅವು ಹಾಸಿಗೆಯ ಮೇಲಿದ್ದವೆಂಬುದನ್ನೂ, ದಿಂಬಿನ ಕವರು ಹೊಲಿದದ್ದರಿಂದ ಆ ಕೈಗಳ ಮಾನ ಕಡಿಮೆಯಾಗಲಿಲ್ಲವೆಂಬುದನ್ನೂ ನಮ್ಮ ಪರಂಪರೆಯ ಕಾವಲುಗಾರರು ಗಮನಿಸಬೇಕು.

ಹೊಲಿಯಹೊರಟವರಿಗೆ ನಮ್ಮ ಅನುಭವದ ಮಾತು ಕೆಲವು. ಹತ್ತಿಯನ್ನಷ್ಟೇ ಬಳಸಿ, ನೈಲಾನ್ ಬೆರೆತ ಸೀರೆ ಬಿಸಿ ಪಾತ್ರೆಗೆ ಅಂಟುತ್ತದೆ. ಬಣ್ಣ ಬಿಡುವ ತುಂಡನ್ನು ಮೊದಲೇ ನೆನೆಸಿ ಪರೀಕ್ಷಿಸಿ. ಮೇಲೆ ತೇಪೆಯ ಪದರ, ನಡುವೆ ಎರಡು ಪದರ ಪಂಚೆ, ಕೆಳಗೆ ಸೀರೆ: ನಾಲ್ಕು ಸಾಕು. ಹೆಚ್ಚಾದರೆ ಸೂಜಿ ಹೋಗದು, ನೀರಿನ ಲೋಟವೂ ನೆಟ್ಟಗೆ ನಿಲ್ಲದು. ತೇಪೆ ಸಾಲದಿದ್ದರೆ ದರ್ಜಿಯ ಅಂಗಡಿಯಲ್ಲಿ ಕೇಳಿ; ಮಂಗಳವಾರಿ ಬಜಾರಿನ ಸುತ್ತಮುತ್ತ ನಾವು ಕೇಳಿದಲ್ಲೆಲ್ಲ ಚಿಂದಿಯನ್ನು ನಕ್ಕು ಕೊಟ್ಟಿದ್ದಾರೆ. ಇನ್ನೊಂದು ಕಟ್ಟಳೆ: ಪ್ರತಿ ಮನೆಯಲ್ಲೂ ಗಂಡಸರು ತಮ್ಮ ತಟ್ಟೆಯಡಿಯ ಹಾಸನ್ನು ತಾವೇ ಹೊಲಿಯಬೇಕು. ಸೂಜಿ ಹಿಡಿಯುವುದು ಗಂಡಸುತನಕ್ಕೆ ಕುಂದೆನ್ನುವವರು ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬನೆಂದು ನೆನೆಯಲಿ. ನಮ್ಮ ಗಂಡಸರ ಹೊಲಿಗೆ ಇನ್ನೂ ಸೊಟ್ಟಗಿದೆ. ತಟ್ಟೆ ಇಟ್ಟರೆ ಕಾಣುವುದಿಲ್ಲ.

ಕಡೆಯ ಮಾತು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ತುಂಡುಗಳನ್ನು ಸೇರಿಸಿ ನಮ್ಮ ರಾಜ್ಯವನ್ನು ಹೊಲಿದರು. ಅದೇ ದಿನ ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿದ್ದುದು ಮುಗಿದು, ಊರು ಮುಂಬಯಿ ರಾಜ್ಯಕ್ಕೆ ಸೇರಿತು. ಆ ದಿನವನ್ನು ನಾವಿಲ್ಲಿ ವರ್ಷವೂ ಆಚರಿಸುತ್ತೇವೆ: ಪೆಟ್ಟಿಗೆಯಿಂದ ಕನ್ನಡವನ್ನು ತೆಗೆದು, ವೇದಿಕೆಯ ಮೇಲೆ ಹರಡಿ, ಸಂಜೆಗೆ ಮಡಿಸಿಡುತ್ತೇವೆ. ನುಡಿಗೂ ಕೌದಿಯ ಗತಿಯೇ ಬಂದೀತೆಂಬ ಭಯ ನಮಗಿದೆ. ಹಾಸು ಹೊಲಿಯಲು ಕೂತಾಗ ಮಕ್ಕಳು ‘ಕ್ವಿಲ್ಟಿಂಗ್’ ಎಂದು ಆರಂಭಿಸಿದವರು, ಎರಡನೆಯ ವಾರಕ್ಕೆ ‘ಕೌದಿ’ ಎನ್ನತೊಡಗಿದರು. ತೇಪೆ, ಅಂಚು, ಸೆರಗು, ಪದರ ಎಂಬ ಮಾತುಗಳು ಸೂಜಿಯ ಹಿಂದೆಯೇ ಬಂದವು. ಯಾರೂ ಪಾಠ ಹೇಳಲಿಲ್ಲ.

ಹುಳು ತಿಂದ ಆ ಕೌದಿಯಲ್ಲಿ ಗಟ್ಟಿಯಾಗಿ ಉಳಿದ ಅಂಚುಗಳಿಂದ ನಾಲ್ಕು ಹಾಸುಗಳಾದವು. ಅವುಗಳ ಅಂಚು ಮುಚ್ಚುವ ಮುನ್ನ ಅಜ್ಜಿ ಒಂದೊಂದಕ್ಕೂ ಒಂದೊಂದು ಚೂರು ರೊಟ್ಟಿ ಇಟ್ಟರು. ಹೊರನಾಡಿನ ಕನ್ನಡಿಗರೇ, ನಿಮ್ಮ ಪೆಟ್ಟಿಗೆಯನ್ನೂ ಈ ವಾರ ತೆರೆದು ನೋಡಿ. ಕೌದಿ ಚೆನ್ನಾಗಿದ್ದರೆ ಹಾಸಿ, ಹೊದೆಯಿರಿ. ಹರಿದಿದ್ದರೆ ಅಳುತ್ತ ಕೂರಬೇಡಿ. ಮೊದಲು ಸೂಜಿಗೆ ದಾರ ಪೋಣಿಸಿ.