ನೀರುನಾಯಿಯ ಜಾಡು ಹಿಡಿದ ನಾಯಿ

ತೋಟವಿದ್ದೂ ನಾಯಿಯಿಲ್ಲದ ಮನೆ ನಮ್ಮ ಸದಸ್ಯರಲ್ಲಿ ವಿರಳ. ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ ಹರಡಿರುವ ದಿನಗಳಲ್ಲಿ ಮನೆಯವರಿಗೆ ನಿದ್ದೆ ಬರುವುದೇ ನಾಯಿಯ ಧೈರ್ಯದಿಂದ. ಆದರೆ ಈಚೆಗೆ ನಾಯಿ ತರುವ ಮಾತು ಬಂದರೆ ಮೊದಲು ಕೇಳಿಬರುವುದು ಜಾತಿಯ ಹೆಸರು, ಆಮೇಲೆ ಮರಿಯ ಬೆಲೆ. ಅದು ಯಾವ ಕೆಲಸಕ್ಕೆ ಹುಟ್ಟಿದ ನಾಯಿ, ಅದರ ಸ್ವಭಾವವೇನು ಎಂದು ವಿಚಾರಿಸುವವರು ಕಡಿಮೆ. ಆದಕಾರಣ ಇಂಗ್ಲೆಂಡಿನ ಅಪರೂಪದ ತಳಿಯೊಂದರ ಸಂಗತಿಯನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಬೇಟೆನಾಯಿಗಳಲ್ಲಿ ಎರಡು ಬಗೆ. ಕಣ್ಣಿನಿಂದ ಕಂಡು ಓಡಿ ಹಿಡಿಯುವುದು ಒಂದು. ಮೂಗಿನಿಂದ ಜಾಡು ಹಿಡಿಯುವುದು ಇನ್ನೊಂದು. ನಾವು ಹೇಳಹೊರಟ ಆಟರ್‌ಹೌಂಡ್ ಎರಡನೆಯ ಬಗೆಯದು. ಆಟರ್ ಎಂದರೆ ನಮ್ಮ ನೀರುನಾಯಿಯೇ. ಹೊಳೆ ಕೆರೆಗಳ ಮೀನನ್ನು ಅದು ಖಾಲಿ ಮಾಡುತ್ತದೆಂದು ಅಲ್ಲಿಯವರು ಶತಮಾನಗಳ ಕಾಲ ಅದನ್ನು ಬೇಟೆಯಾಡಿದರು. ಆ ಬೇಟೆಗೆಂದೇ ಬೆಳೆಸಿದ ನಾಯಿ ಇದು. ಗಂಡು ಸುಮಾರು 27 ಅಂಗುಲ ಎತ್ತರ, 50 ಕಿಲೋ ತೂಕ. ಒರಟು ಜೂಲು ಕೂದಲು, ಜೋಲುಕಿವಿ, ಈಜಲು ಅನುಕೂಲವಾಗುವಂತೆ ಬೆರಳುಗಳ ನಡುವೆ ಪೊರೆ. ರಾತ್ರಿ ದಾಟಿಹೋದ ನೀರುನಾಯಿಯ ವಾಸನೆಯನ್ನು ಬೆಳಿಗ್ಗೆ ದಡದಲ್ಲಿ ಹಿಡಿದು ಅದು ಮುಂದುವರಿಯುತ್ತಿತ್ತು.

1957ರ ಸುಮಾರಿಗೆ ಅಲ್ಲಿ ನೀರುನಾಯಿಗಳೇ ಕಾಣೆಯಾಗತೊಡಗಿದವು. ಇದು ತಿಳಿದುಬಂದದ್ದು ಬೇಟೆ ತಂಡಗಳು ಇಟ್ಟಿದ್ದ ದಾಖಲೆ ಪುಸ್ತಕಗಳಿಂದಲೇ. ಬಿತ್ತನೆ ಬೀಜಕ್ಕೆ ಹಚ್ಚುತ್ತಿದ್ದ, ಕುರಿಗಳ ಮೈಗೆ ಬಳಸುತ್ತಿದ್ದ ಡೀಲ್‌ಡ್ರಿನ್, ಆಲ್‌ಡ್ರಿನ್ ವಿಷಗಳು ಹೊಳೆ ಸೇರಿ, ಮೀನಿನ ಮೂಲಕ ನೀರುನಾಯಿಯನ್ನು ಮುಟ್ಟಿದ್ದವು. ಈ ಹೆಸರುಗಳು ನಮ್ಮ ಹಿರಿಯ ಬೆಳೆಗಾರರಿಗೂ ಹೊಸವಲ್ಲ. 1978ರಲ್ಲಿ ಇಂಗ್ಲೆಂಡಿನಲ್ಲಿ ನೀರುನಾಯಿಗೆ ಕಾನೂನಿನ ರಕ್ಷಣೆ ಬಂದಿತು, ಬೇಟೆ ನಿಂತಿತು. ಅಲ್ಲಿಗೆ ನಾಯಿಯ ಕಸುಬೂ ಮುಗಿಯಿತು.

ಮುಂದೆ ನಡೆದದ್ದು ವಿಚಾರ ಮಾಡತಕ್ಕದ್ದು. ವಿಷದ ಬಳಕೆ ನಿಂತು ಹೊಳೆಗಳು ತಿಳಿಯಾದ ಮೇಲೆ ನೀರುನಾಯಿಗಳು ಹಂತಹಂತವಾಗಿ ಮರಳಿದವು; 2011ರ ಹೊತ್ತಿಗೆ ಇಂಗ್ಲೆಂಡಿನ ಎಲ್ಲ ಕೌಂಟಿಗಳಲ್ಲೂ ಕಾಣಿಸಿಕೊಂಡವು. ನಾಯಿ ಮಾತ್ರ ಹಾಗೆ ಮರಳಲಿಲ್ಲ. ವರ್ಷಕ್ಕೆ 300 ಮರಿಗಳೂ ನೋಂದಣಿಯಾಗದ ಸ್ವದೇಶಿ ತಳಿಗಳನ್ನು ಅಲ್ಲಿನ ಕೆನಲ್ ಕ್ಲಬ್ ಅಪಾಯದ ಪಟ್ಟಿಗೆ ಸೇರಿಸುತ್ತದೆ. ಆಟರ್‌ಹೌಂಡ್ ಎಷ್ಟೋ ವರ್ಷ 50ನ್ನೂ ದಾಟಿಲ್ಲ. ಕಾಡುಪ್ರಾಣಿಗೆ ನಾವು ತೊಂದರೆ ಕೊಡದಿದ್ದರೆ ಸಾಕು, ಅದು ತಾನೇ ಚೇತರಿಸಿಕೊಳ್ಳುತ್ತದೆ. ಮನುಷ್ಯನೇ ಮಾಡಿದ ತಳಿಗೆ ಅಷ್ಟು ಸಾಲದು. ಅದನ್ನು ಮನುಷ್ಯನೇ ಕೈಹಿಡಿದು ಉಳಿಸಬೇಕು.

ಉಳಿದಿರುವಷ್ಟು ಉಳಿದದ್ದು ಬೇಟೆ ತಂಡದ ನಾಯಿಗಳಿಗೆ ಕೆಲವರು ಮನೆಯ ಬಾಗಿಲು ತೆರೆದದ್ದರಿಂದ. ಹಾಗೆ ತೆರೆದವರು ಅದರ ಸ್ವಭಾವ ತಿಳಿದು ತೆರೆದರು. ಇದು ಸಂತೋಷದ, ಸಾಧು ನಾಯಿ. ಆದರೆ ಕಾವಲಿಗೆ ಹೇಳಿಸಿದ್ದಲ್ಲ. ಮೂಗಿಗೆ ಜಾಡು ಸಿಕ್ಕಿತೆಂದರೆ ಯಜಮಾನನ ಕೂಗು ಕಿವಿಗೆ ಬೀಳದು. ಆದ್ದರಿಂದ ಗಟ್ಟಿ ಬೇಲಿ ಬೇಕು, ದಿನವೂ ಹಗ್ಗ ಹಿಡಿದು ದೂರ ನಡೆಸಬೇಕು. ಕೂಗಿದರೆ ಬಹುದೂರ ಕೇಳುತ್ತದೆ. ನೀರು ಕುಡಿದು ಬಂದರೆ ಗಡ್ಡದಿಂದ ಮನೆಯೆಲ್ಲ ಒದ್ದೆ. ಸಂಖ್ಯೆ ಕಡಿಮೆಯಾದ್ದರಿಂದ ಹತ್ತಿರದ ಸಂಬಂಧದಲ್ಲೇ ಮರಿ ಮಾಡಿಸುವ ಗಂಡಾಂತರವೂ ಉಂಟು. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಂಶದ ದೋಷವೊಂದು ಈ ತಳಿಯಲ್ಲಿ ಕಂಡುಬಂದಿದೆ.

ಕೆಲಸವಿಲ್ಲದ ನಾಯಿ ಏಕೆ ಉಳಿಯಬೇಕೆಂದು ಕೇಳುವವರಿದ್ದಾರೆ. ಟ್ರಾಕ್ಟರು, ಟಿಲ್ಲರು ಬಂದಾಗ ಮಲೆನಾಡು ಗಿಡ್ಡದ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಶತಮಾನಗಳಲ್ಲಿ ಕೂಡಿಬಂದ ಗುಣ ಒಮ್ಮೆ ಹೋದರೆ ಯಾವ ಬೆಲೆ ಕೊಟ್ಟರೂ ಬಾರದು ಎಂಬುದೇ ನಮ್ಮ ಉತ್ತರ.

ಹಾಗೆಂದು ಆ ನಾಯಿಯನ್ನು ಇಲ್ಲಿಗೆ ತರಿಸಿರೆಂದು ನಾವು ಹೇಳುತ್ತಿಲ್ಲ. ನಮ್ಮ ರಾಜ್ಯದ್ದೇ ಆದ ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ಸಾಕುವವರು ಸಾಕಲಿ, ಸಂತೋಷ. ಆದರೆ ಅದು ಬಯಲುಸೀಮೆಯ ನಾಯಿ, ಕಣ್ಣಿನಿಂದ ಬೇಟೆಯಾಡುವ ಜಾತಿ. ಮರದ ನೆರಳಿನ ಕಾಫಿಗಿಡಗಳ ಸಂದಿಯಲ್ಲಿ ಅದರ ಕಣ್ಣಿಗೆ ಕೆಲಸವಿಲ್ಲ, ಕಾಲಿಗೆ ಜಾಗವಿಲ್ಲ. ಓಡಲು ತೆರವಾದ ಜಾಗ, ಮಳೆಗಾಲದಲ್ಲಿ ಬೆಚ್ಚನೆಯ ಮೂಲೆ ಕೊಡಲಾರದವರು ತಂದು ಸರಪಳಿಗೆ ಕಟ್ಟುವುದು ತಳಿಯ ಮೇಲಿನ ಅಭಿಮಾನವಲ್ಲ. ಅಂಥವರಿಗೆ ಊರನಾಯಿಯೇ ಉತ್ತಮ ಸಂಗಾತಿ. ಯಾವ ನಾಯಿಯಾದರೂ ಹುಚ್ಚುನಾಯಿ ರೋಗದ ಲಸಿಕೆ ತಪ್ಪಬಾರದು, ಕಾಡಿನೊಳಗೆ ಬಿಡಬಾರದು. 1972ರ ವನ್ಯಜೀವಿ ಕಾಯ್ದೆ ಇರುವಾಗ ಬೇಟೆಯ ಮಾತಂತೂ ಇಲ್ಲ.

ನಮ್ಮ ತುಂಗಭದ್ರೆಯಲ್ಲೂ ನೀರುನಾಯಿಗಳಿವೆ. ಹೊಳೆಯ ಸುಮಾರು 34 ಕಿಲೋಮೀಟರ್ ಭಾಗವನ್ನು ಅವುಗಳಿಗಾಗಿ ಮೀಸಲಿಡಲಾಗಿದೆ. ಆ ಹೊಳೆಗೆ ನೀರು ಹೋಗುವುದು ನಮ್ಮ ಮಲೆನಾಡಿನಿಂದ. ಪಲ್ಪಿಂಗ್ ಮಾಡಿದ ನೀರನ್ನೂ ಔಷಧಿ ಡಬ್ಬ ತೊಳೆದ ನೀರನ್ನೂ ತೊರೆಗೆ ಬಿಡದಿರುವುದು ನಮ್ಮ ಕೈಯಲ್ಲೇ ಇದೆ.

ಕೊನೆಯದಾಗಿ ಒಂದು ಸಲಹೆ. ಬೇಟೆಗಾರರ ಪುಸ್ತಕವೇ ನೀರುನಾಯಿಯ ಅಳಿವನ್ನು ಲೋಕಕ್ಕೆ ತಿಳಿಸಿತು. ನಮ್ಮ ಸಂಘದ ಕಚೇರಿಯಲ್ಲೂ ಒಂದು ಪುಸ್ತಕ ಇಡೋಣ: ಯಾರ ಮನೆಯಲ್ಲಿ ನಾಡತಳಿಯ ನಾಯಿ ಇದೆ, ಯಾರಲ್ಲಿ ಗಿಡ್ಡದ ಹೋರಿ ಇದೆ, ಯಾರ ತೋಟದಲ್ಲಿ ಹಳೆಯ ಮೆಣಸಿನ ಬಳ್ಳಿ ಉಳಿದಿದೆ ಎಂಬುದಕ್ಕೆ. ಖರ್ಚು ಒಂದು ನೋಟುಬುಕ್ಕಿನದು. ಬರುವ ಮಹಾಸಭೆಯಲ್ಲಿ ಸದಸ್ಯರು ಈ ಬಗ್ಗೆ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.